ಚೈನೀಸ್ ಪಾರ್ಸೆಲ್ ತಿನಿಸುಗಳು ಮತ್ತು ಪಥ್ಯ

ಚೈನೀಸ್ ಪಾರ್ಸೆಲ್ ತಿನಿಸುಗಳು ಎಂದರೆ ಗೋಬಿ ಮಂಚೂರಿ, ಫ್ರೈಡ್ ರೈಸ್, ಎಗ್ ರೈಸ್, ನೂಡಲ್ಸ್, ಚಿಲ್ಲಿ ಚಿಕನ್ ಮುಂತಾದ ಭಾರತೀಯ-ಚೀನೀ ಶೈಲಿಯ ಖಾದ್ಯಗಳನ್ನು ಉಪಾಹಾರ ಗೃಹದಿಂದಲೋ ತಳ್ಳುಗಾಡಿಯಿಂದಲೋ ಕಟ್ಟಿಸಿಕೊಂಡು ಮನೆಗೆ ಒಯ್ದು ಸೇವಿಸುವ ಆಹಾರ. ಕರ್ನಾಟಕದ ಇತರ ಊರುಗಳಂತೆ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳಲ್ಲಿಯೂ ಇದು ಸಂಜೆಯ ಸಾಮಾನ್ಯ ಆಹಾರವಾಗಿದೆ. ತೂಕ, ಮಧುಮೇಹ, ರಕ್ತದೊತ್ತಡ ಇತ್ಯಾದಿ ಕಾರಣಗಳಿಂದ ಪಥ್ಯ ಪಾಲಿಸುವವರು ಈ ತಿನಿಸುಗಳನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂಬ ಅಭಿಪ್ರಾಯವೂ, ತರಕಾರಿಯ ತಿನಿಸಾದ್ದರಿಂದ ತೊಂದರೆಯಿಲ್ಲವೆಂಬ ಅಭಿಪ್ರಾಯವೂ ಜನರಲ್ಲಿವೆ. ಇವೆರಡೂ ಪೂರ್ಣ ಸತ್ಯವಲ್ಲ. ತಿನಿಸಿನ ಹೆಸರಿಗಿಂತ ಅದನ್ನು ತಯಾರಿಸುವ ಕ್ರಮ ಮುಖ್ಯವಾದುದು. ಗಿರಾಕಿ ಬರುವ ಮೊದಲೇ ಆಗಿಹೋಗಿರುವ ಕೆಲಸ ಯಾವುದು, ಗಿರಾಕಿಯ ಎದುರಿನಲ್ಲಿ ಆಗುವ ಕೆಲಸ ಯಾವುದು ಎಂಬುದನ್ನು ತಿಳಿದರೆ ಆಯ್ಕೆ ಸುಲಭವಾಗುತ್ತದೆ.

## ಹಿನ್ನೆಲೆ

ಭಾರತದಲ್ಲಿ ಚೀನೀ ಅಡುಗೆಯ ಇತಿಹಾಸವು ಕೋಲ್ಕತ್ತದಿಂದ ಆರಂಭವಾಗುತ್ತದೆ. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿಯು ಹೂಗ್ಲಿ ನದಿಯ ದಡದಲ್ಲಿ, ಬಜ್‌ಬಜ್ ಸಮೀಪದಲ್ಲಿ ಸಕ್ಕರೆ ತಯಾರಿಕೆಗಾಗಿ ನೆಲೆಸಿದನು. ಆ ಸ್ಥಳವನ್ನು ಇಂದಿಗೂ ಅಚಿಪುರವೆಂದು ಕರೆಯುತ್ತಾರೆ. ಅನಂತರ ಬಂದ ಚೀನೀಯರು ಕೋಲ್ಕತ್ತದ ಟಿರೆಟ್ಟಾ ಬಜಾರ್ ಹಾಗೂ ಟಾಂಗ್ರಾ ಪ್ರದೇಶಗಳಲ್ಲಿ ನೆಲೆ ನಿಂತರು. ಟಾಂಗ್ರಾದಲ್ಲಿ ಚರ್ಮ ಹದಮಾಡುವ ಉದ್ಯಮದಲ್ಲಿ ತೊಡಗಿದ್ದ ಹಕ್ಕಾ ಸಮುದಾಯದವರು ಊಟದ ಮನೆಗಳನ್ನೂ ತೆರೆದರು. ‘ಹಕ್ಕಾ ನೂಡಲ್ಸ್’ ಎಂಬ ಹೆಸರಿನಲ್ಲಿ ಆ ಸಮುದಾಯದ ನೆನಪು ಉಳಿದಿದೆ. ಭಾರತೀಯರ ನಾಲಿಗೆಗೆ ಒಗ್ಗುವಂತೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿಗಳ ಪ್ರಮಾಣ ಹೆಚ್ಚಿ, ಗೊಜ್ಜು ದಪ್ಪವಾಗಿ, ಕ್ರಮೇಣ ಒಂದು ಹೊಸ ಪಾಕಪದ್ಧತಿಯೇ ರೂಪುಗೊಂಡಿತು.

‘ಮಂಚೂರಿಯನ್’ ಎಂಬ ತಿನಿಸಿಗೂ ಚೀನಾದ ಈಶಾನ್ಯ ಭಾಗದಲ್ಲಿರುವ ಮಂಚೂರಿಯಾ ಪ್ರದೇಶಕ್ಕೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ ಅವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಅನ್ನು ಮೊದಲ ಬಾರಿಗೆ ತಯಾರಿಸಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಮತ್ತು ಕಾರ್ನ್‌ಫ್ಲೋರ್ ಸೇರಿಸಿದ್ದು ಅದರ ವಿಶೇಷ. ಸಸ್ಯಾಹಾರಿಗಳಿಗಾಗಿ ಕೋಳಿಮಾಂಸದ ಸ್ಥಾನದಲ್ಲಿ ಹೂಕೋಸು ಬಂದು ‘ಗೋಬಿ ಮಂಚೂರಿ’ಯಾಯಿತು. ಹಾಗೆಯೇ ‘ಶೆಜ್ವಾನ್’ ಎಂಬುದು ಚೀನಾದ ಸಿಚುವಾನ್ ಪ್ರಾಂತ್ಯದ ಹೆಸರಿನಿಂದ ಬಂದಿದ್ದರೂ ಭಾರತದ ಶೆಜ್ವಾನ್ ಸಾಸ್ ಮುಖ್ಯವಾಗಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಮತ್ತು ಎಣ್ಣೆಗಳ ಚಟ್ನಿಯಾಗಿದೆ.

ಚೀನಾದ ಮನೆಗಳ ದಿನನಿತ್ಯದ ಊಟದಲ್ಲಿ ಉಪ್ಪು-ಎಣ್ಣೆ ಹಾಕದ ಬಿಳಿ ಅನ್ನ, ಬೇಯಿಸಿದ ಅಥವಾ ಬಾಡಿಸಿದ ಸೊಪ್ಪು-ತರಕಾರಿ, ತಿಳಿಯಾದ ಸೂಪ್ ಇವು ಪ್ರಧಾನವಾಗಿರುತ್ತವೆ. ಭಾರತದ ಫಾಸ್ಟ್ ಫುಡ್ ಗಾಡಿಗಳಿಗೆ ಬಂದುದು ಆ ಊಟದ ಒಂದು ಅಂಶ ಮಾತ್ರ. ಅನ್ನವನ್ನು ಹುರಿಯಲಾಗುತ್ತದೆ, ತರಕಾರಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯಲಾಗುತ್ತದೆ, ಸೂಪನ್ನು ಹಿಟ್ಟು ಕಲಸಿ ಗಟ್ಟಿ ಮಾಡಲಾಗುತ್ತದೆ. ಆದುದರಿಂದ ಪಥ್ಯದ ದೃಷ್ಟಿಯಿಂದ ಪರಿಶೀಲಿಸಬೇಕಾದುದು ಚೀನೀ ಅಡುಗೆಯನ್ನಲ್ಲ, ಅದರ ಭಾರತೀಯ ರೂಪವನ್ನು.

## ಬಳ್ಳಾರಿ ಭಾಗದಲ್ಲಿ

ಬಳ್ಳಾರಿ ಪ್ರದೇಶದ ಸಾಂಪ್ರದಾಯಿಕ ಆಹಾರವು ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳಿನ ಪಲ್ಯ, ಶೇಂಗಾ ಚಟ್ನಿ ಮುಂತಾದವುಗಳಿಂದ ಕೂಡಿದುದು. ಸಂಜೆಯ ತಿಂಡಿಯೆಂದರೆ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ. ತುಂಗಭದ್ರಾ ಕಾಲುವೆಗಳ ನೀರಾವರಿ ಬಂದ ಬಳಿಕ ಸಿರುಗುಪ್ಪ ಭಾಗವು ಭತ್ತದ ಕಣಜವಾಗಿ, ಅಕ್ಕಿ ಗಿರಣಿಗಳ ಕೇಂದ್ರವಾಗಿ ಬೆಳೆಯಿತು. ಜೋಳದ ಜೊತೆಗೆ ಅನ್ನವೂ ನಿತ್ಯದ ಊಟವಾಯಿತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಮೆಣಸಿನಕಾಯಿಯೂ ಪ್ರಮುಖ ವಾಣಿಜ್ಯ ಬೆಳೆಯಾಗಿದೆ. ಹೀಗೆ ಫ್ರೈಡ್ ರೈಸಿಗೆ ಬೇಕಾದ ಅಕ್ಕಿ ಮತ್ತು ಅದರ ಖಾರ ಎರಡೂ ಇದೇ ನೆಲದಲ್ಲಿ ಬೆಳೆಯುತ್ತವೆ.

ಬಸ್ ನಿಲ್ದಾಣ, ಕಾಲೇಜು, ಚಿತ್ರಮಂದಿರ, ಮಾರುಕಟ್ಟೆಗಳ ಸುತ್ತ ಸಂಜೆಯ ವೇಳೆಗೆ ಫಾಸ್ಟ್ ಫುಡ್ ಗಾಡಿಗಳು ತೆರೆಯುತ್ತವೆ. ವಿದ್ಯಾರ್ಥಿಗಳು, ಜೀನ್ಸ್ ಹೊಲಿಗೆ ಘಟಕಗಳ ಕೆಲಸಗಾರರು, ದೂರದ ಹಳ್ಳಿಗಳಿಂದ ಬಂದು ಮರಳುವವರು ಇವುಗಳ ಮುಖ್ಯ ಗಿರಾಕಿಗಳು. ಕಡಿಮೆ ಬೆಲೆಗೆ, ಕೆಲವೇ ನಿಮಿಷಗಳಲ್ಲಿ, ಬಿಸಿಯಾಗಿ ಹೊಟ್ಟೆ ತುಂಬುವ ಆಹಾರ ಸಿಗುವುದು ಇವುಗಳ ಜನಪ್ರಿಯತೆಗೆ ಕಾರಣ. ಹಲವರಿಗೆ ಇದು ತಿಂಡಿಯಲ್ಲ, ರಾತ್ರಿಯ ಊಟವೇ ಆಗಿರುತ್ತದೆ. ಆದುದರಿಂದ ಇದನ್ನು ಎಂದೋ ಒಮ್ಮೆ ತಿನ್ನುವ ರುಚಿಪದಾರ್ಥವೆಂದು ಪರಿಗಣಿಸಲಾಗದು. ವಾರದಲ್ಲಿ ಮೂರು-ನಾಲ್ಕು ಬಾರಿ ಸೇವಿಸುವವರಿಗೆ ಇದರ ಆಯ್ಕೆ ಆರೋಗ್ಯದ ಪ್ರಶ್ನೆಯೇ ಆಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ ಮಧುಮೇಹವಿದ್ದು, ಶೇ. 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ಅಂದರೆ ಗಾಡಿಯ ಮುಂದೆ ನಿಂತ ಪ್ರತಿ ಮೂರು ವಯಸ್ಕರಲ್ಲಿ ಒಬ್ಬರಿಗೆ ಉಪ್ಪಿನ ಮಿತಿ ಬೇಕಾಗಿರುವ ಸಾಧ್ಯತೆಯಿದೆ.

## ತಯಾರಿಕೆಯ ಕ್ರಮ

ಫಾಸ್ಟ್ ಫುಡ್ ಗಾಡಿಯ ಅಡುಗೆಯು ಎರಡು ಹಂತಗಳಲ್ಲಿ ನಡೆಯುತ್ತದೆ.

ಮೊದಲ ಹಂತ ಗಿರಾಕಿಗಳು ಬರುವ ಮುಂಚಿನದು. ಅನ್ನವನ್ನು ಉದುರಾಗಿ ಮಾಡಿ ಆರಿಸಿಡುತ್ತಾರೆ. ನೂಡಲ್ಸನ್ನು ಬೇಯಿಸಿ, ಅಂಟಿಕೊಳ್ಳದಂತೆ ಎಣ್ಣೆ ಸವರಿ ಇಡುತ್ತಾರೆ. ಹೂಕೋಸನ್ನು ಬಿಡಿಸಿ, ಮೈದಾ ಮತ್ತು ಕಾರ್ನ್‌ಫ್ಲೋರ್ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಒಮ್ಮೆ ಕರಿದು ರಾಶಿ ಹಾಕಿರುತ್ತಾರೆ. ಮಾಂಸ, ಪನೀರ್ ಮತ್ತು ಅಣಬೆಗಳನ್ನೂ ಹಲವೆಡೆ ಇದೇ ರೀತಿ ಕರಿದಿಡುತ್ತಾರೆ. ತರಕಾರಿಯನ್ನು ಸಣ್ಣಗೆ ಹೆಚ್ಚಿಡುತ್ತಾರೆ.

ಎರಡನೆಯ ಹಂತ ಗಿರಾಕಿ ಹೇಳಿದ ಮೇಲಿನದು. ದೊಡ್ಡ ಉರಿಯ ಮೇಲಿನ ಕಬ್ಬಿಣದ ಬಾಣಲೆಗೆ ಎಣ್ಣೆ ಸುರಿದು, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ಹಾಕಿ, ಎಲೆಕೋಸು, ಕ್ಯಾರೆಟ್, ಬೀನ್ಸ್, ದೊಣ್ಣೆ ಮೆಣಸಿನಕಾಯಿಗಳನ್ನು ಬಾಡಿಸುತ್ತಾರೆ. ಬಳಿಕ ಅನ್ನವನ್ನೋ ನೂಡಲ್ಸನ್ನೋ ಕರಿದ ಗೋಬಿಯನ್ನೋ ಸೇರಿಸಿ, ಸೋಯಾ ಸಾಸ್, ಚಿಲ್ಲಿ ಸಾಸ್, ವಿನೆಗರ್, ಉಪ್ಪು, ಕಾಳುಮೆಣಸಿನ ಪುಡಿ, ಟೇಸ್ಟಿಂಗ್ ಪೌಡರ್ ಹಾಕಿ ಎಸೆದಾಡಿಸಿ ಇಳಿಸುತ್ತಾರೆ. ಇದೆಲ್ಲ ಮೂರು-ನಾಲ್ಕು ನಿಮಿಷಗಳ ಕೆಲಸ.

ಮೊದಲ ಹಂತದಲ್ಲಿ ಸೇರಿದ ಎಣ್ಣೆ ಮತ್ತು ಹಿಟ್ಟನ್ನು ಯಾರೂ ಹಿಂದಕ್ಕೆ ತೆಗೆಯಲಾರರು. ಎರಡನೆಯ ಹಂತದಲ್ಲಿ ಸೇರುವ ಎಣ್ಣೆ, ಉಪ್ಪು, ಸಾಸ್ ಮತ್ತು ತರಕಾರಿಗಳ ಪ್ರಮಾಣವನ್ನು ಗಿರಾಕಿಯ ಒಂದು ಮಾತು ಬದಲಿಸಬಲ್ಲದು. ಆದುದರಿಂದ ಪಥ್ಯದವರಿಗೆ ಅನ್ವಯಿಸುವ ಸಾಮಾನ್ಯ ನಿಯಮವಿದು: ಮೊದಲ ಹಂತದ ಕೆಲಸ ಕಡಿಮೆಯಿರುವ ತಿನಿಸನ್ನು ಆರಿಸಿಕೊಳ್ಳಬೇಕು, ಎರಡನೆಯ ಹಂತದಲ್ಲಿ ಬೇಕಾದುದನ್ನು ಹೇಳಿ ಮಾಡಿಸಬೇಕು.

## ಪೌಷ್ಟಿಕಾಂಶದ ಲೆಕ್ಕ

### ಎಣ್ಣೆ

ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಿಂದ ಸುಮಾರು 4 ಕಿಲೋಕ್ಯಾಲರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ 9 ಕಿಲೋಕ್ಯಾಲರಿ ದೊರೆಯುತ್ತದೆ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ಎಣ್ಣೆಯಲ್ಲಿ ಸುಮಾರು 120 ಕಿಲೋಕ್ಯಾಲರಿ ಇರುತ್ತದೆ. ಬೆಂದ ಬಿಳಿ ಅನ್ನದ 100 ಗ್ರಾಂನಲ್ಲಿರುವುದು ಸುಮಾರು 130 ಕಿಲೋಕ್ಯಾಲರಿ.

ಉದಾಹರಣೆಗೆ, 300 ಗ್ರಾಂ ಅನ್ನದ ಒಂದು ಪ್ಲೇಟ್ ಫ್ರೈಡ್ ರೈಸನ್ನು ತೆಗೆದುಕೊಳ್ಳಬಹುದು. ಅನ್ನದಿಂದ ಸುಮಾರು 390 ಕಿಲೋಕ್ಯಾಲರಿ ಬರುತ್ತದೆ. ಮೂರು ದೊಡ್ಡ ಚಮಚ ಎಣ್ಣೆ ಹಾಕಿದರೆ ಒಟ್ಟು 750 ಆಗುತ್ತದೆ. ಒಂದೇ ಚಮಚ ಹಾಕಿದರೆ 510ಕ್ಕೆ ನಿಲ್ಲುತ್ತದೆ. ಉಳಿತಾಯವಾಗುವ 240 ಕಿಲೋಕ್ಯಾಲರಿಯು ಸುಮಾರು 70 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿರುವ ಶಕ್ತಿಗೆ ಸಮಾನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಂತೆ ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2,110, ಮಹಿಳೆಗೆ 1,660 ಕಿಲೋಕ್ಯಾಲರಿ ಬೇಕಾಗುತ್ತದೆ. ಎಣ್ಣೆ ಹೆಚ್ಚಿದ ಒಂದು ಪ್ಲೇಟ್ ಫ್ರೈಡ್ ರೈಸ್ ಆ ಮಹಿಳೆಯ ದಿನದ ಅಗತ್ಯದ ಶೇ. 45ರಷ್ಟನ್ನು ಒಂದೇ ಹೊತ್ತಿಗೆ ತುಂಬುತ್ತದೆ.

ಗೋಬಿ ಮಂಚೂರಿಯ ಲೆಕ್ಕ ಇನ್ನೂ ಬೋಧಪ್ರದವಾದುದು. ಹಸಿ ಹೂಕೋಸಿನ 100 ಗ್ರಾಂನಲ್ಲಿ ಇರುವುದು ಕೇವಲ 25 ಕಿಲೋಕ್ಯಾಲರಿ. ಅದರ ಬಹುಪಾಲು ನೀರೇ. 150 ಗ್ರಾಂ ಹೂಕೋಸಿಗೆ 50 ಗ್ರಾಂ ಹಿಟ್ಟು ಹತ್ತಿ, 30 ಗ್ರಾಂ ಎಣ್ಣೆ ಹೀರಿತೆಂದು ಭಾವಿಸಿದರೆ, ಹೂಕೋಸಿನಿಂದ ಸುಮಾರು 40, ಹಿಟ್ಟಿನಿಂದ 180, ಎಣ್ಣೆಯಿಂದ 270 ಕಿಲೋಕ್ಯಾಲರಿ ಬರುತ್ತದೆ. ಒಟ್ಟು 490ರಲ್ಲಿ ತರಕಾರಿಯ ಪಾಲು ಹತ್ತರಲ್ಲೊಂದು ಭಾಗವೂ ಅಲ್ಲ. ಸಸ್ಯಾಹಾರವೆಂಬ ಕಾರಣಕ್ಕೆ ಗೋಬಿಯನ್ನು ಹಗುರವೆಂದು ತಿಳಿಯುವುದು ಸರಿಯಲ್ಲ.

### ಉಪ್ಪು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು, ಅಂದರೆ ಸುಮಾರು ಒಂದು ಟೀ ಚಮಚದಷ್ಟನ್ನು ಸೇವಿಸಬೇಕು. ಇದರಲ್ಲಿರುವ ಸೋಡಿಯಂ ಸುಮಾರು 2 ಗ್ರಾಂ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿಯೇ ಸುಮಾರು 0.9 ಗ್ರಾಂ ಸೋಡಿಯಂ ಇರುತ್ತದೆ. ಅದರ ಮೇಲೆ ಅರ್ಧ ಟೀ ಚಮಚ ಉಪ್ಪು ಬಿದ್ದರೆ ಇನ್ನೊಂದು ಗ್ರಾಂ ಸೇರುತ್ತದೆ. ಇಷ್ಟಕ್ಕೆ ದಿನದ ಮಿತಿ ಬಹುತೇಕ ಮುಗಿಯಿತು. ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಸಾರು, ಉಪ್ಪಿನಕಾಯಿಗಳ ಲೆಕ್ಕ ಬೇರೆ. ಸೋಯಾ ಸಾಸ್ ಕಪ್ಪಾಗಿ, ಹುಳಿಮಿಶ್ರಿತವಾಗಿ ಇರುವುದರಿಂದ ಅದರ ಉಪ್ಪು ನಾಲಿಗೆಗೆ ಪೂರ್ಣವಾಗಿ ತಿಳಿಯುವುದಿಲ್ಲ.

### ಪಿಷ್ಟ ಮತ್ತು ಸಕ್ಕರೆ

ನೂಡಲ್ಸ್ ಅನ್ನಕ್ಕಿಂತ ಹಗುರವೆಂಬ ಭಾವನೆ ಇದೆ. ಬೆಂದ ನೂಡಲ್ಸಿನ 100 ಗ್ರಾಂನಲ್ಲಿಯೂ ಸುಮಾರು 140 ಕಿಲೋಕ್ಯಾಲರಿ ಇರುತ್ತದೆ. ಗಾಡಿಗಳಲ್ಲಿ ಬಳಸುವ ನೂಡಲ್ಸ್ ಸಾಮಾನ್ಯವಾಗಿ ಮೈದಾದಿಂದ ಮಾಡಿದುದು. ಗೊಜ್ಜನ್ನು ಗಟ್ಟಿ ಮಾಡುವ ಕಾರ್ನ್‌ಫ್ಲೋರ್ ಕೂಡ ಶುದ್ಧ ಪಿಷ್ಟವೇ. ಟೊಮೆಟೊ ಸಾಸ್ ಮತ್ತು ಸಿಹಿ ಮಿಶ್ರಿತ ಚಿಲ್ಲಿ ಸಾಸುಗಳಲ್ಲಿ ಸಕ್ಕರೆಯಿರುತ್ತದೆ. ಜೊತೆಯಲ್ಲಿ ಕುಡಿಯುವ 300 ಮಿಲಿಲೀಟರ್ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುವುದನ್ನು ಪ್ರತ್ಯೇಕವಾಗಿ ಗಮನಿಸಬೇಕು.

## ತಿನಿಸುಗಳ ಹೋಲಿಕೆ

* ತಿಳಿ ತರಕಾರಿ ಸೂಪ್ (ಕ್ಲಿಯರ್ ಸೂಪ್): ಎಣ್ಣೆ, ಹಿಟ್ಟು ಎರಡೂ ಕಡಿಮೆ. ಊಟಕ್ಕೆ ಮೊದಲು ಕುಡಿದರೆ ಮುಂದಿನ ತಿನಿಸಿನ ಪ್ರಮಾಣ ತಗ್ಗಿಸಲು ನೆರವಾಗುತ್ತದೆ. ಉಪ್ಪು ಹೆಚ್ಚಿರಬಹುದಾದುದರಿಂದ ಕಡಿಮೆ ಹಾಕುವಂತೆ ಹೇಳಬೇಕು.
* ಹಾಟ್ ಅಂಡ್ ಸೋರ್, ಮಂಚೌ, ಸ್ವೀಟ್ ಕಾರ್ನ್ ಸೂಪ್: ಕಾರ್ನ್‌ಫ್ಲೋರಿನಿಂದ ಗಟ್ಟಿಯಾದವು. ಮಂಚೌ ಸೂಪಿನ ಮೇಲೆ ಉದುರಿಸುವ ಕರಿದ ನೂಡಲ್ಸನ್ನು ಬಿಡಬಹುದು.
* ಬಾಡಿಸಿದ ತರಕಾರಿ: ಗಾಡಿಯ ಪಟ್ಟಿಯಲ್ಲಿ ಇರುವುದು ಅಪರೂಪ. ಆದರೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿಯೇ ಇರುವುದರಿಂದ ಕೇಳಿ ಮಾಡಿಸಬಹುದು. ಪಥ್ಯಕ್ಕೆ ಅತ್ಯುತ್ತಮ.
* ಎಗ್ ರೈಸ್: ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಮೊಟ್ಟೆ ತಿನ್ನುವವರಿಗೆ ಗೋಬಿ ರೈಸಿಗಿಂತ ಇದು ಮೇಲು, ಏಕೆಂದರೆ ಮೊಟ್ಟೆಯು ಬಾಣಲೆಯಲ್ಲಿಯೇ ಬೇಯುತ್ತದೆ, ಮೊದಲೇ ಕರಿದುದಲ್ಲ.
* ವೆಜ್ ಫ್ರೈಡ್ ರೈಸ್, ವೆಜ್ ನೂಡಲ್ಸ್: ಮಧ್ಯಮ. ಅನ್ನ ಅಥವಾ ನೂಡಲ್ಸ್ ಅರ್ಧ, ತರಕಾರಿ ಎರಡರಷ್ಟು ಎಂದು ಹೇಳಿದರೆ ಉತ್ತಮವಾಗುತ್ತದೆ.
* ಗೋಬಿ ರೈಸ್: ಹುರಿದ ಅನ್ನ ಮತ್ತು ಕರಿದ ಗೋಬಿ ಎರಡೂ ಸೇರಿದುದು. ಎಣ್ಣೆ ಎರಡು ಹಂತಗಳಲ್ಲಿಯೂ ಸೇರಿರುತ್ತದೆ.
* ಗೋಬಿ ಮಂಚೂರಿ, ಚಿಲ್ಲಿ ಚಿಕನ್, ಪನೀರ್ ಚಿಲ್ಲಿ: ಹಿಟ್ಟಿನಲ್ಲಿ ಕರಿದವು. ‘ಡ್ರೈ’ ರೂಪದಲ್ಲಿ ಗೊಜ್ಜಿನ ಹಿಟ್ಟು ಮತ್ತು ಸಾಸ್ ಕಡಿಮೆ. ಆದರೆ ಕರಿದ ಎಣ್ಣೆ ಅಷ್ಟೇ ಇರುತ್ತದೆ. ಕೋಳಿಮಾಂಸವನ್ನೋ ಪನೀರನ್ನೋ ಕರಿಯದೆ ಬಾಣಲೆಯಲ್ಲಿಯೇ ಬೇಯಿಸಿಕೊಡುವುದಾದರೆ ಇವೂ ಒಳ್ಳೆಯ ಪ್ರೋಟೀನ್ ಆಹಾರವೇ.
* ಮೊಮೊ: ಟಿಬೆಟ್-ನೇಪಾಳ ಮೂಲದ ಕಡುಬು. ಹಬೆಯಲ್ಲಿ ಬೇಯಿಸಿದುದು ಕರಿದುದಕ್ಕಿಂತ ಮೇಲು. ಹೊದಿಕೆ ಮಾತ್ರ ಮೈದಾದ್ದೇ.
* ಶೆಜ್ವಾನ್ ರೈಸ್, ಟ್ರಿಪಲ್ ರೈಸ್: ಎಣ್ಣೆ ಮತ್ತು ಉಪ್ಪು ಅತ್ಯಧಿಕ. ಟ್ರಿಪಲ್ ರೈಸಿನಲ್ಲಿ ಅನ್ನ, ನೂಡಲ್ಸ್, ಗೊಜ್ಜು ಮೂರೂ ಒಟ್ಟಿಗೆ ಇರುತ್ತವೆ.

## ಹೇಳಿ ಮಾಡಿಸುವುದು

ದೊಡ್ಡ ಹೋಟೆಲಿನ ಅಡುಗೆಮನೆ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ತಳ್ಳುಗಾಡಿಯ ಬಾಣಲೆ ಕಣ್ಣೆದುರೇ ಇರುತ್ತದೆ. ಪಥ್ಯದವರಿಗೆ ಇದೊಂದು ಅನುಕೂಲ. ಪ್ರತಿ ಪ್ಲೇಟನ್ನೂ ಬೇರೆಯಾಗಿ ಮಾಡುವುದರಿಂದ ‘ಎಣ್ಣಿ ಕಮ್ಮಿ ಹಾಕ್ರಿ, ಉಪ್ಪು ಬ್ಯಾಡ್ರಿ, ಕಲರ್ ಬ್ಯಾಡ’ ಎಂಬ ಮಾತಿಗೆ ಅಡುಗೆಯವನ ಕಡೆಯಿಂದ ಹೆಚ್ಚಿನ ಶ್ರಮವೇನೂ ಬೇಕಾಗುವುದಿಲ್ಲ. ಬಾಣಲೆಗೆ ಎಣ್ಣೆ ಬೀಳುವ ಮೊದಲೇ ಹೇಳುವುದು ಮುಖ್ಯ. ಜನಸಂದಣಿ ಹೆಚ್ಚಿದಾಗ ಎರಡು-ಮೂರು ಪ್ಲೇಟುಗಳನ್ನು ಒಂದೇ ಬಾಣಲೆಯಲ್ಲಿ ಮಾಡುವುದರಿಂದ, ಸಂಜೆ ಬೇಗ ಹೋದವರ ಮಾತು ಹೆಚ್ಚು ನಡೆಯುತ್ತದೆ.

ಸಾಮಾನ್ಯವಾಗಿ ಕೇಳಿಕೊಳ್ಳಬಹುದಾದ ಅಂಶಗಳು ಇವು:

* ಎಣ್ಣೆ ಒಂದು ಚಮಚ ಮಾತ್ರ.
* ಸೋಯಾ ಸಾಸ್ ಹಾಕುವುದಾದರೆ ಬೇರೆ ಉಪ್ಪು ಬೇಡ.
* ಎಲೆಕೋಸು, ಬೀನ್ಸ್, ಕ್ಯಾರೆಟ್ ಹೆಚ್ಚು, ಅನ್ನ ಕಡಿಮೆ.
* ಸಾಸ್ ಮತ್ತು ಚಟ್ನಿಯನ್ನು ಬೇರೆಯಾಗಿ ಕಟ್ಟಬೇಕು.
* ಒಬ್ಬರಿಗೆ ಹಾಫ್ ಪ್ಲೇಟ್ ಸಾಕು.

ರುಚಿಗೆ ಎಣ್ಣೆ-ಉಪ್ಪುಗಳೇ ಆಧಾರವಲ್ಲ. ಬೆಳ್ಳುಳ್ಳಿ, ಶುಂಠಿ, ವಿನೆಗರ್, ಕಾಳುಮೆಣಸು, ಈರುಳ್ಳಿ ಸೊಪ್ಪುಗಳನ್ನು ಹೆಚ್ಚಿಸಿದರೆ ಉಪ್ಪಿನ ಕೊರತೆ ಅಷ್ಟಾಗಿ ತೋರುವುದಿಲ್ಲ.

## ಪಾರ್ಸೆಲ್ ಮನೆಗೆ ಬಂದ ಮೇಲೆ

ಗಾಡಿಯ ಬಳಿ ನಿಂತು ತಿನ್ನುವವನು ಪ್ಲೇಟಿನಲ್ಲಿರುವುದನ್ನು ಮುಗಿಸಿಯೇ ಬರುತ್ತಾನೆ. ಪಾರ್ಸೆಲ್ ತಂದವರಿಗೆ ಹಂಚಿಕೊಳ್ಳುವ ಮತ್ತು ಮನೆಯ ಆಹಾರದೊಂದಿಗೆ ಸೇರಿಸಿಕೊಳ್ಳುವ ಅವಕಾಶವಿದೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ತಟ್ಟೆಯ ಅರ್ಧದಷ್ಟು ಭಾಗ ತರಕಾರಿ ಮತ್ತು ಹಣ್ಣುಗಳಿರಬೇಕೆಂದು ಹೇಳುತ್ತದೆ. ಒಂದು ಪ್ಲೇಟ್ ಫ್ರೈಡ್ ರೈಸನ್ನು ಇಬ್ಬರು ಹಂಚಿಕೊಂಡು, ಜೊತೆಗೆ ಸೌತೆಕಾಯಿ, ಗಜ್ಜರಿ, ಮೂಲಂಗಿ, ಬೇಯಿಸಿದ ಕಾಳು ಅಥವಾ ಮೊಸರನ್ನು ಇಟ್ಟುಕೊಂಡರೆ ಆ ಕ್ರಮಕ್ಕೆ ಸಮೀಪವಾದ ಊಟವಾಗುತ್ತದೆ. ಗೋಬಿ ಮಂಚೂರಿಯೇ ಬೇಕೆನ್ನುವವರು ಅರ್ಧ ಪ್ಲೇಟನ್ನು ನಾಲ್ವರು ಹಂಚಿಕೊಂಡು, ಹೊಟ್ಟೆ ತುಂಬಿಸಲು ಮನೆಯ ಜೋಳದ ರೊಟ್ಟಿ ಮತ್ತು ಪಲ್ಯವನ್ನು ಅವಲಂಬಿಸಬಹುದು. ಪೊಟ್ಟಣದಿಂದಲೇ ತಿನ್ನದೆ ತಟ್ಟೆಗೆ ಬಡಿಸಿಕೊಂಡರೆ ಪ್ರಮಾಣ ಕಣ್ಣಿಗೆ ತಿಳಿಯುತ್ತದೆ.

ಬಿಸಿಯಾದ ಎಣ್ಣೆಯುಕ್ತ ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ಮುದ್ರಣ ಶಾಯಿಯು ಆಹಾರಕ್ಕೆ ಇಳಿಯುವುದೇ ಇದಕ್ಕೆ ಕಾರಣ. ಮನೆಯಿಂದ ಸ್ಟೀಲಿನ ಡಬ್ಬಿ ಒಯ್ಯುವುದು ಸುರಕ್ಷಿತ.

## ಕೃತಕ ಬಣ್ಣ ಮತ್ತು ಕಾನೂನು

ಕರ್ನಾಟಕ ಸರ್ಕಾರವು 2024ರ ಮಾರ್ಚ್ 11ರಂದು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ (ಕಾಟನ್ ಕ್ಯಾಂಡಿ) ಕೃತಕ ಬಣ್ಣಗಳ ಬಳಕೆಯನ್ನು ನಿಷೇಧಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇದನ್ನು ಪ್ರಕಟಿಸಿದರು. ರಾಜ್ಯದ ವಿವಿಧೆಡೆ ಸಂಗ್ರಹಿಸಿದ ಗೋಬಿ ಮಂಚೂರಿಯ 171 ಮಾದರಿಗಳ ಪೈಕಿ ನೂರಕ್ಕೂ ಹೆಚ್ಚು ಮಾದರಿಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮುಂತಾದ ಕೃತಕ ಬಣ್ಣಗಳು ಕಂಡುಬಂದಿದ್ದವು. ಬಟ್ಟೆಗೆ ಬಣ್ಣ ಹಾಕಲು ಬಳಸುವ ರೋಡಮಿನ್-ಬಿ ಎಂಬ ರಾಸಾಯನಿಕವು ಬಾಂಬೆ ಮಿಠಾಯಿಯ ಮಾದರಿಗಳಲ್ಲಿ ಪತ್ತೆಯಾಯಿತು. ಇದನ್ನು ಭಾರತದಲ್ಲಿ ಯಾವುದೇ ಆಹಾರದಲ್ಲಿ ಬಳಸುವಂತಿಲ್ಲ. ಆದೇಶವನ್ನು ಉಲ್ಲಂಘಿಸಿದವರಿಗೆ 7 ವರ್ಷಗಳವರೆಗೆ ಸೆರೆವಾಸ ಮತ್ತು 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂದು ತಿಳಿಸಲಾಯಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಕಬಾಬ್‌ಗಳಿಗೂ ಇದೇ ಬಗೆಯ ನಿಷೇಧ ಅನ್ವಯವಾಯಿತು.

ನಿಷೇಧಿತವಾದುದು ಬಣ್ಣವೇ ಹೊರತು ಗೋಬಿ ಮಂಚೂರಿಯಲ್ಲ. ಟಾರ್ಟ್ರಜೀನ್‌ನಂತಹ ಕೆಲವು ಬಣ್ಣಗಳಿಗೆ ಐಸ್‌ಕ್ರೀಮ್, ಸಿಹಿತಿಂಡಿ ಮುಂತಾದ ಗೊತ್ತುಪಡಿಸಿದ ಪದಾರ್ಥಗಳಲ್ಲಿ ಮಿತವಾದ ಪ್ರಮಾಣದಲ್ಲಿ ಅನುಮತಿಯಿದೆ. ಗಾಡಿಯಲ್ಲಿ ಆಗಿಂದಾಗ ತಯಾರಿಸುವ ತಿನಿಸು ಆ ಪಟ್ಟಿಯಲ್ಲಿಲ್ಲ.

ಬಣ್ಣವನ್ನು ಗುರುತಿಸಲು ಗಿರಾಕಿಗೆ ಪ್ರಯೋಗಾಲಯವಿಲ್ಲ. ಆದರೂ ಬೆರಳಿಗೂ ತಟ್ಟೆಗೂ ಹತ್ತಿ ತೊಳೆದರೂ ಹೋಗದ ಕಡುಗೆಂಪು ಅಥವಾ ಕೇಸರಿ ಬಣ್ಣ ಸಂಶಯಾಸ್ಪದ. ಬಣ್ಣ ಹಾಕದ ಗೋಬಿಯು ಕಂದು ಮಿಶ್ರಿತ ಹೊಂಬಣ್ಣದ್ದಾಗಿರುತ್ತದೆ. ಕೆಂಪು ಬೇಕೇ ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಸಾಕು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಆ ತಳಿಯ ಖ್ಯಾತಿಗೆ ಕಾರಣ. ಮೆಣಸಿನಕಾಯಿ ಬೆಳೆಯುವ ನಾಡಿನಲ್ಲಿ ರಾಸಾಯನಿಕ ಕೆಂಪಿನ ಅಗತ್ಯವೇ ಇಲ್ಲ.

## ಅಜಿನೋಮೋಟೋ

ಟೇಸ್ಟಿಂಗ್ ಪೌಡರ್ ಎಂದು ಕರೆಯಲಾಗುವ ಪದಾರ್ಥವು ಮೋನೋಸೋಡಿಯಂ ಗ್ಲುಟಮೇಟ್. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು 1908ರಲ್ಲಿ ಕಡಲಪಾಚಿಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಅದರ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಅಜಿನೋಮೋಟೋ ಎಂಬುದು ಮೂಲತಃ ಅದನ್ನು ಮಾರಾಟ ಮಾಡಿದ ವ್ಯಾಪಾರನಾಮ. ಟೊಮೆಟೊ, ಅಣಬೆಗಳಲ್ಲಿಯೂ ಗ್ಲುಟಮೇಟ್ ಸಹಜವಾಗಿ ಇರುತ್ತದೆ.

1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪತ್ರದಿಂದ, ಚೀನೀ ಊಟದ ಬಳಿಕ ತಲೆನೋವು ಮತ್ತು ಎದೆಬಡಿತ ಉಂಟಾಗಲು ಇದೇ ಕಾರಣವೆಂಬ ನಂಬಿಕೆ ಹರಡಿತು. ಅನಂತರದ ನಿಯಂತ್ರಿತ ಪ್ರಯೋಗಗಳು ಸಾಮಾನ್ಯ ಪ್ರಮಾಣದ ಬಳಕೆಯಲ್ಲಿ ಇದನ್ನು ದೃಢಪಡಿಸಲಿಲ್ಲ. ಇದರಲ್ಲಿ ಸೋಡಿಯಂ ಶೇ. 12ರಷ್ಟಿದ್ದರೆ ಅಡುಗೆ ಉಪ್ಪಿನಲ್ಲಿ ಶೇ. 39ರಷ್ಟಿದೆ. ಆದುದರಿಂದ ‘ಅಜಿನೋಮೋಟೋ ಬೇಡ’ ಎಂದು ಹೇಳಿ ಉಪ್ಪು ಮತ್ತು ಸೋಯಾ ಸಾಸನ್ನು ಧಾರಾಳವಾಗಿ ಹಾಕಿಸಿಕೊಳ್ಳುವುದು ರಕ್ತದೊತ್ತಡದ ದೃಷ್ಟಿಯಿಂದ ಪ್ರಯೋಜನಕಾರಿಯಲ್ಲ. ತಿಂದಾಗ ತೊಂದರೆಯಾಗುವುದೆಂಬ ಸ್ವಂತ ಅನುಭವವಿರುವವರು ಬೇಡವೆನ್ನುವುದು ಯುಕ್ತ.

## ಮರುಬಳಕೆಯ ಎಣ್ಣೆ ಮತ್ತು ಉಳಿದ ಅನ್ನ

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹಾನಿಕಾರಕ ಸಂಯುಕ್ತಗಳು ಹೆಚ್ಚುತ್ತವೆ. ಇವುಗಳ ಪ್ರಮಾಣ ಶೇ. 25ನ್ನು ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕಪ್ಪಾದ, ಜಿಗುಟಾದ, ನೊರೆ ಬರುವ, ಬೇಗ ಹೊಗೆಯಾಡುವ ಎಣ್ಣೆ ಕಂಡರೆ ಕರಿದ ತಿನಿಸನ್ನು ಬಿಡುವುದು ಒಳ್ಳೆಯದು.

ಬೆಂದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬದುಕುಳಿಯಬಲ್ಲವು. ಅನ್ನವನ್ನು ಹೊರಗಿನ ಉಷ್ಣತೆಯಲ್ಲಿ ಬಹಳ ಹೊತ್ತು ಇಟ್ಟರೆ ಅವು ಬೆಳೆದು ವಾಂತಿ ಬರಿಸುವ ವಿಷವನ್ನು ಉಂಟುಮಾಡುತ್ತವೆ. ಮತ್ತೆ ಹುರಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಆ ವಿಷ ನಾಶವಾಗುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿಯಂತಹ ಊರಿನಲ್ಲಿ ಇದು ಗಮನಾರ್ಹ. ಪಾರ್ಸೆಲನ್ನು ತಂದ ಒಂದು ಗಂಟೆಯೊಳಗೆ ತಿನ್ನಬೇಕು. ಉಳಿದರೆ ಕೂಡಲೇ ಫ್ರಿಜ್ಜಿನಲ್ಲಿಡಬೇಕು. ರಾತ್ರಿ ಹೊರಗೆ ಉಳಿದ ಫ್ರೈಡ್ ರೈಸನ್ನು ಬೆಳಗ್ಗೆ ಬಿಸಿ ಮಾಡಿ ಮಕ್ಕಳಿಗೆ ಕೊಡುವುದು ಅಪಾಯಕರ.

## ವಿಶೇಷ ಪಥ್ಯಗಳು

ಮಧುಮೇಹ: ಅನ್ನ, ನೂಡಲ್ಸ್, ಹಿಟ್ಟಿನ ಗೊಜ್ಜು ಇವುಗಳಲ್ಲಿ ಒಂದನ್ನು ಮಾತ್ರ, ಅದೂ ಅರ್ಧ ಪ್ರಮಾಣದಲ್ಲಿ ಆರಿಸಿಕೊಳ್ಳಬೇಕು. ಮೊಟ್ಟೆ, ಕೋಳಿಮಾಂಸ, ಪನೀರ್ ಮತ್ತು ತರಕಾರಿಗಳ ಪಾಲು ಹೆಚ್ಚಿರಬೇಕು. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಂಚೂರಿಯ ಆಸೆಯಿಂದ ಊಟದ ಹೊತ್ತನ್ನು ಮೀರಿಸಬಾರದು. ಔಷಧದ ಪ್ರಮಾಣವನ್ನು ವೈದ್ಯರ ಸಲಹೆಯಿಲ್ಲದೆ ಬದಲಿಸಬಾರದು.

ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ಕಾಯಿಲೆ: ಸೋಯಾ ಸಾಸ್, ಚಿಲ್ಲಿ ಸಾಸ್ ಮತ್ತು ಉಪ್ಪಿನ ಒಟ್ಟು ಪ್ರಮಾಣವೇ ಇವರಿಗೆ ನಿರ್ಣಾಯಕ. ಸೂಪಿನ ಉಪ್ಪನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅಲರ್ಜಿ ಮತ್ತು ಗೋಧಿ ವರ್ಜ್ಯ: ಸೋಯಾ ಸಾಸಿನ ತಯಾರಿಕೆಯಲ್ಲಿ ಸಾಮಾನ್ಯವಾಗಿ ಗೋಧಿಯನ್ನು ಬಳಸುತ್ತಾರೆ. ಗ್ಲುಟೆನ್ ವರ್ಜಿಸುವವರು ಅನ್ನದ ತಿನಿಸಾದರೂ ಇದನ್ನು ಗಮನಿಸಬೇಕು. ಒಂದೇ ಬಾಣಲೆಯಲ್ಲಿ ಮೊಟ್ಟೆ, ಸೀಗಡಿ, ಮಾಂಸ ಎಲ್ಲವೂ ಬೇಯುವುದರಿಂದ ಅಲರ್ಜಿ ಇರುವವರೂ ಕಟ್ಟುನಿಟ್ಟಿನ ಸಸ್ಯಾಹಾರಿಗಳೂ ಮೊದಲೇ ವಿಚಾರಿಸುವುದು ಅಗತ್ಯ.

ಮಕ್ಕಳು: ಮಕ್ಕಳ ಉಪ್ಪಿನ ಮಿತಿ ವಯಸ್ಕರಿಗಿಂತ ಕಡಿಮೆ. ಸಾಸ್ ಇಲ್ಲದೆ, ಬೆಳ್ಳುಳ್ಳಿ-ಕಾಳುಮೆಣಸಿನಿಂದ ಮಾಡಿಸಿದ ಎಗ್ ರೈಸ್ ಅಥವಾ ತರಕಾರಿ ರೈಸ್ ಅವರಿಗೆ ಸೂಕ್ತ. ಇದೇ ತಿನಿಸನ್ನು ಮನೆಯಲ್ಲಿ ಮಾಡುವುದೂ ಕಷ್ಟವಲ್ಲ. ಸೋನಾ ಮಸೂರಿ ಅನ್ನ, ಎರಡು ಮುಷ್ಟಿ ತರಕಾರಿ, ಒಂದು ಚಮಚ ಎಣ್ಣೆ, ಒಂದು ಟೀ ಚಮಚ ಸೋಯಾ ಸಾಸ್ ಮತ್ತು ದೊಡ್ಡ ಉರಿ ಇದ್ದರೆ ಗಾಡಿಯ ರುಚಿಗೆ ಸಮೀಪವಾದ ಫ್ರೈಡ್ ರೈಸ್ ಹತ್ತು ನಿಮಿಷಗಳಲ್ಲಿ ಸಿದ್ಧವಾಗುತ್ತದೆ.